ಮಳೆ ಬಂತು, ಮನೆಗೆ ಹೋಗಿ ಅಂದರೆ ಆ ದಿನದ ಕೂಲಿ ಏನಾಗುತ್ತದೆ?

ಕೊಡಗಿನಲ್ಲಿ ಮಳೆಗಾಲದ ಕೆಲಸ ಕಡಿತ ಯಾರಿಗೂ ಹೊಸದಲ್ಲ. ತೋಟದಲ್ಲಿ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕಿಳಿದವರನ್ನು ಹನ್ನೊಂದಕ್ಕೆ ವಾಪಸ್ ಕಳಿಸುತ್ತಾರೆ, ಅರ್ಧ ಕೂಲಿ ಬರೆಯುತ್ತಾರೆ. ಬುಕಿಂಗ್ ಇಳಿದೊಡನೆ ರೆಸಾರ್ಟಿನ ಹೌಸ್‌ಕೀಪಿಂಗ್‌ನವರಿಗೆ ಆರು ದಿನದ ಬದಲು ನಾಲ್ಕೇ ದಿನ. ಕುಶಾಲನಗರದ ಕಡೆಯ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮಾಲು ಕಡಿಮೆಯಾದಂತೆ ಪಾಳಿಯೂ ಕಡಿಮೆ.

‘ಮಾಲೀಕರು ಹೀಗೆ ಮಾಡಬಹುದಾ?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಕಾನೂನು ಮೊದಲು ಕೇಳುವುದು ಇನ್ನೊಂದನ್ನು: ಆ ದಿನ ಕೆಲಸಗಾರರು ಬರಲಿಲ್ಲವೋ, ಬಂದವರಿಗೆ ಕೆಲಸ ಕೊಡಲಿಲ್ಲವೋ? ಕೂಲಿ, ಲೇ-ಆಫ್ ಪರಿಹಾರ (ಕೆಲಸ ಕೊಡದ ದಿನಕ್ಕೆ ಸಿಗುವ ಹಣ), ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು), ರಜೆ, ಹೆರಿಗೆ ಭತ್ಯೆ ಎಲ್ಲವೂ ಇದಕ್ಕೆ ಸಿಗುವ ಉತ್ತರದ ಮೇಲೆ ನಿಂತಿವೆ. ಆ ಉತ್ತರ ಇರುವುದು ತೋಟದ ಗುಮಾಸ್ತರಾದ ರೈಟರ್ ಬರೆಯುವ ಹಾಜರಿ ಪುಸ್ತಕ, ಅಂದರೆ ಚೆಕ್‌ರೋಲ್‌ನಲ್ಲಿ. ಹಾಗಾಗಿ ಕೂಲಿ ಕಡಿತದ ಜಗಳ ಬಹುತೇಕ ಸಲ ಹಾಜರಿ ಪುಸ್ತಕದ ಜಗಳವೇ.

ಯಾವ ಕಾಯ್ದೆ ಎಂಬುದನ್ನು ಮೊದಲು ಹೇಳಿಬಿಡೋಣ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಕನಿಷ್ಠ ವೇತನ ಕಾಯ್ದೆ, ವೇತನ ಪಾವತಿ ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ, 1951ರ ತೋಟ ಕಾರ್ಮಿಕರ ಕಾಯ್ದೆ, ಗ್ರಾಚ್ಯುಟಿ ಕಾಯ್ದೆ ಎಲ್ಲವೂ ಇವುಗಳೊಳಗೆ ಸೇರಿಹೋಗಿವೆ. ಸೇವಾ ಷರತ್ತು ಬದಲಿಸುವ ಮೊದಲು ಮಾಲೀಕರು ಕೊಡಬೇಕಾದ ನೋಟಿಸನ್ನು ಯೂನಿಯನ್‌ನವರು ಈಗಲೂ ‘9ಎ ನೋಟಿಸ್’ ಅನ್ನುತ್ತಾರೆ. ಅದು ಈಗ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಂ. ಒಳಗಿನ ವಿಷಯ ಹೆಚ್ಚು ಬದಲಾಗಿಲ್ಲ, ನಂಬರ್ ಬದಲಾಗಿದೆ. ಅರ್ಜಿಯಲ್ಲಿ ಹಳೇ ನಂಬರ್ ಬರೆದರೆ ಹಕ್ಕು ಹೋಗುವುದಿಲ್ಲ, ಆದರೆ ಎದುರಿನ ವಕೀಲರಿಗೆ ಒಂದು ತಕರಾರು ಸಿಗುತ್ತದೆ.

ಅರ್ಧಕ್ಕೆ ಕಳಿಸಿದ ದಿನ

ಎಲ್ಲಕ್ಕಿಂತ ಹೆಚ್ಚು ನಡೆಯುವುದು, ಎಲ್ಲಕ್ಕಿಂತ ಕಡಿಮೆ ಜನ ಪ್ರಶ್ನಿಸುವುದು ಇದನ್ನೇ. ವೇತನ ಸಂಹಿತೆಯ 10ನೇ ಕಲಂ ಸ್ಪಷ್ಟವಾಗಿದೆ. ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾದ ಕೆಲಸದಲ್ಲಿರುವವರು, ಕೆಲಸಕ್ಕೆ ತೆಗೆದುಕೊಂಡ ದಿನ ಪೂರ್ತಿ ಅವಧಿಗಿಂತ ಕಡಿಮೆ ದುಡಿದರೂ, ಪೂರ್ತಿ ದಿನ ದುಡಿದಂತೆಯೇ ಕೂಲಿ ಪಡೆಯಬೇಕು. ಕೆಲಸಗಾರರೇ ‘ನನಗಾಗಲ್ಲ’ ಎಂದು ಹೊರಟಿದ್ದರೆ ಈ ಹಕ್ಕಿಲ್ಲ. ನಿಯಮಗಳಲ್ಲಿ ಬೇರೆ ವಿನಾಯಿತಿ ಬರೆದಿದ್ದರೆ ಅದಕ್ಕೂ ಅನ್ವಯಿಸದು. ಇದೇನೂ ಹೊಸ ಕೊಡುಗೆಯಲ್ಲ, 1948ರ ಕನಿಷ್ಠ ವೇತನ ಕಾಯ್ದೆಯ 15ನೇ ಕಲಂ ಇದನ್ನೇ ಹೇಳುತ್ತಿತ್ತು.

ಅಂದರೆ ಕಳೆ ತೆಗೆಯಲು ಇಳಿಸಿ, ಮೂರು ಗಂಟೆ ಕೆಲಸ ಮಾಡಿಸಿ, ಮಳೆ ಜೋರಾಯಿತೆಂದು ಮೇಸ್ತ್ರಿ ವಾಪಸ್ ಕಳಿಸಿದರೆ ಅರ್ಧ ಕೂಲಿ ಬರೆಯುವುದು ತಪ್ಪು. ಮಳೆಯಲ್ಲಿ ನಿಲ್ಲಲಾರದೆ ಕೆಲಸಗಾರರು ತಾವಾಗಿ ಹೊರಟರೆ ಮಾತು ಬೇರೆ. ಎಷ್ಟೋ ತೋಟಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಮೇಸ್ತ್ರಿ ‘ಬೇಕಾದವರು ಹೋಗ್ಬೋದು’ ಅಂತಾರೆ, ಎಲ್ಲರೂ ಹೋಗುತ್ತಾರೆ. ಆಮೇಲೆ ಚೆಕ್‌ರೋಲ್‌ನಲ್ಲಿ ‘ಸ್ವಇಚ್ಛೆ’ ಎಂದಾಗುತ್ತದೆ. ಅಂಥ ಹೊತ್ತಿನಲ್ಲಿ ‘ಮೇಸ್ತ್ರಿ, ನೀವು ಹೋಗಿ ಅಂದ್ರೆ ಹೋಗ್ತೀವಿ, ಇಲ್ಲಾಂದ್ರೆ ಗೋಡೌನಲ್ಲಿ ಕೆಲಸ ಕೊಡಿ’ ಎಂದು ನಾಲ್ಕು ಜನರೆದುರು ಕೇಳಿಬಿಡುವುದು ಸಾಕು. ಗೋಣಿಚೀಲ ಹೊಲಿಯುವುದೋ, ಮೆಣಸು ಬಿಡಿಸುವುದೋ, ನರ್ಸರಿ ಬುಟ್ಟಿಗೆ ಮಣ್ಣು ತುಂಬುವುದೋ, ಸೂರಿನಡಿ ಮಾಡುವ ಕೆಲಸ ತೋಟದಲ್ಲಿ ಇದ್ದೇ ಇರುತ್ತದೆ. ಕೊಡುವುದು ಬಿಡುವುದು ಮಾಲೀಕರ ಆಯ್ಕೆ. ಕೇಳಿದ್ದಕ್ಕೆ ಸಾಕ್ಷಿ ಇದ್ದರೆ ‘ಕೆಲಸ ಮಾಡಲು ಮನಸ್ಸಿರಲಿಲ್ಲ’ ಎಂಬ ವಾದ ನಿಲ್ಲುವುದಿಲ್ಲ.

ಪೂರ್ತಿ ದಿನ ಕೆಲಸವೇ ಕೊಡದಿದ್ದರೆ

ಬೆಳಿಗ್ಗೆ ಹಾಜರಾದವರನ್ನು ಕೆಲಸಕ್ಕೇ ಇಳಿಸದಿದ್ದರೆ ಅದು ಲೇ-ಆಫ್. ಕೈಗಾರಿಕಾ ಸಂಬಂಧಗಳ ಸಂಹಿತೆ ಕೊಡುವ ವ್ಯಾಖ್ಯೆಯಲ್ಲಿ ಕಾರಣಗಳ ಪಟ್ಟಿಯೇ ಇದೆ: ಕಲ್ಲಿದ್ದಲು, ವಿದ್ಯುತ್ ಅಥವಾ ಕಚ್ಚಾಮಾಲಿನ ಕೊರತೆ, ದಾಸ್ತಾನು ತುಂಬಿಹೋಗಿರುವುದು, ಯಂತ್ರ ಕೆಟ್ಟಿರುವುದು, ಪ್ರಕೃತಿ ವಿಕೋಪ, ಇವಕ್ಕೆ ಸಂಬಂಧಪಟ್ಟ ಬೇರೆ ಕಾರಣ. ನಿಗದಿತ ಹೊತ್ತಿಗೆ ಹಾಜರಾಗಿ ಎರಡು ಗಂಟೆಯೊಳಗೆ ಕೆಲಸ ಸಿಗದಿದ್ದರೆ ಆ ದಿನ ಲೇ-ಆಫ್ ಎಂದರ್ಥ. ‘ಮಧ್ಯಾಹ್ನ ಬನ್ನಿ’ ಎಂದು ಹೇಳಿ, ಬಂದಾಗ ಕೆಲಸ ಕೊಟ್ಟರೆ ಅರ್ಧ ದಿನದ ಲೇ-ಆಫ್. ಮಧ್ಯಾಹ್ನ ಬಂದರೂ ಕೆಲಸ ಕೊಡದಿದ್ದರೆ ಆ ಉತ್ತರಾರ್ಧಕ್ಕೆ ಪೂರ್ತಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೊಡಬೇಕು. ಜನರನ್ನು ಎರಡೆರಡು ಸಲ ಗೇಟಿಗೆ ನಡೆಸಿದ್ದಕ್ಕೆ ಕಾನೂನು ಹಾಕಿರುವ ದಂಡ ಎನ್ನಬಹುದು.

ಪರಿಹಾರ ಎಷ್ಟು? ಅದೇ ಸಂಹಿತೆಯ 67ನೇ ಕಲಂ ಪ್ರಕಾರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ, ವಾರದ ರಜೆ ಬಿಟ್ಟು ಉಳಿದೆಲ್ಲ ಲೇ-ಆಫ್ ದಿನಗಳಿಗೆ. ಷರತ್ತುಗಳಿವೆ. ಮಸ್ಟರ್ ರೋಲ್‌ನಲ್ಲಿ ಹೆಸರಿರಬೇಕು, ಕ್ಯಾಶುವಲ್ ಅಥವಾ ಬದಲಿ ಆಳಾಗಿರಬಾರದು, ಒಂದು ವರ್ಷದ ನಿರಂತರ ಸೇವೆ, ಅಂದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಆಗಿರಬೇಕು. ಸಂಸ್ಥೆಯಲ್ಲಿ ಹಿಂದಿನ ತಿಂಗಳು ದಿನಕ್ಕೆ ಸರಾಸರಿ 50 ಅಥವಾ ಹೆಚ್ಚು ಕೆಲಸಗಾರರಿರಬೇಕು, ಅದು ಸೀಸನ್ ಸಂಸ್ಥೆ ಆಗಿರಬಾರದು. ಜೊತೆಗೆ ಅದು ಕಾರ್ಖಾನೆ, ಗಣಿ ಅಥವಾ ತೋಟವಾಗಿರಬೇಕು. ರೆಸಾರ್ಟ್ ಈ ಮೂರರಲ್ಲಿ ಬರುವುದಿಲ್ಲ. ಕ್ಯೂರಿಂಗ್ ವರ್ಕ್ಸ್ ಕಾರ್ಖಾನೆಯೇ, ಆದರೆ ಮಾಲೀಕರು ಬಹಳ ಸಲ ‘ನಮ್ಮದು ಸೀಸನ್ ಕೆಲಸ’ ಎಂದು ವಾದ ಹೂಡುತ್ತಾರೆ. ಅದನ್ನು ತೀರ್ಮಾನಿಸುವುದು ಸರ್ಕಾರ, ಮಾಲೀಕರಲ್ಲ.

‘45 ದಿನ ಆಯ್ತು, ಇನ್ನು ಪರಿಹಾರ ಇಲ್ಲ’ ಎಂಬ ಮಾತು ತೋಟದ ಆಫೀಸುಗಳಲ್ಲಿ ಕೇಳಿಸುತ್ತದೆ. ಅದು ಅರ್ಧ ಸತ್ಯ. ಹನ್ನೆರಡು ತಿಂಗಳಲ್ಲಿ 45 ದಿನ ದಾಟಿದ ಮೇಲೆ ಪರಿಹಾರ ನಿಲ್ಲಿಸಬೇಕಾದರೆ ಹಾಗೆಂದು ಒಪ್ಪಂದ ಆಗಿರಬೇಕು. ಒಪ್ಪಂದವಿಲ್ಲದಿದ್ದರೆ ಪರಿಹಾರ ಮುಂದುವರಿಯುತ್ತದೆ. 45 ದಿನ ದಾಟಿದ ಮೇಲೆ ಮಾಲೀಕರಿಗಿರುವ ಇನ್ನೊಂದು ದಾರಿ ಕೆಲಸದಿಂದಲೇ ತೆಗೆಯುವುದು. ಅದಕ್ಕೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ವೇತನ, ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಕೊಡಬೇಕು.

300 ಅಥವಾ ಹೆಚ್ಚು ಕೆಲಸಗಾರರಿರುವ ದೊಡ್ಡ ಕಂಪನಿ ತೋಟಗಳು ಲೇ-ಆಫ್‌ಗೆ ಮೊದಲೇ ಸರ್ಕಾರದ ಅನುಮತಿ ಪಡೆಯಬೇಕು. ವಿದ್ಯುತ್ ಕೊರತೆ ಅಥವಾ ಪ್ರಕೃತಿ ವಿಕೋಪ ಕಾರಣವಾದರೆ ಅನುಮತಿ ಬೇಕಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ: ಮಳೆ ಪ್ರಕೃತಿ ವಿಕೋಪವೇ? 2018ರ ಆಗಸ್ಟಿನಂತೆ ಗುಡ್ಡ ಜರಿದು ರಸ್ತೆಯೇ ಹೋದರೆ ನಿಸ್ಸಂದೇಹವಾಗಿ ಹೌದು. ವರ್ಷಾವರ್ಷ ಬರುವ ಮುಂಗಾರನ್ನು ಕೊಡಗಿನಲ್ಲಿ ವಿಕೋಪ ಎಂದರೆ ಒಪ್ಪಿಸುವುದು ಕಷ್ಟ. ಕಾಫಿ ರೇಟು ಬಿತ್ತು, ಟೂರಿಸ್ಟ್ ಬರಲಿಲ್ಲ ಎಂಬ ಕಾರಣಗಳಂತೂ ಪಟ್ಟಿಯಲ್ಲೇ ಇಲ್ಲ. 1964ರಲ್ಲಿ ದೇವನ್ ಟೀ ಎಸ್ಟೇಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಹಣಕಾಸಿನ ಅಡಚಣೆ ಲೇ-ಆಫ್‌ಗೆ ಕಾನೂನು ಒಪ್ಪುವ ಕಾರಣವಲ್ಲ.

ಚಿಕ್ಕ ತೋಟ, ರೆಸಾರ್ಟ್, ಹೋಟೆಲ್

50ಕ್ಕಿಂತ ಕಡಿಮೆ ಜನರಿದ್ದರೆ ಲೇ-ಆಫ್ ಪರಿಹಾರದ ಕಲಂ ಅನ್ವಯಿಸುವುದಿಲ್ಲ. ಹಾಗಿದ್ದರೆ ಏನೂ ಕೊಡಬೇಕಿಲ್ಲ ಎಂದು ಮಾಲೀಕರೂ ಕೆಲಸಗಾರರೂ ಅಂದುಕೊಳ್ಳುತ್ತಾರೆ. ಕಾನೂನಿನ ಲೆಕ್ಕ ಅದಕ್ಕೆ ತಿರುಗುಮುರುಗು. ಫೈರ್‌ಸ್ಟೋನ್ ಟೈರ್ ಕಂಪನಿಯ ದೆಹಲಿ ಕಚೇರಿಯಲ್ಲಿ 50ಕ್ಕಿಂತ ಕಡಿಮೆ ಕೆಲಸಗಾರರಿದ್ದರು. ಅಲ್ಲಿನ ಲೇ-ಆಫ್ ಕುರಿತು 1976ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ತೀರ್ಪಿತ್ತಿತು: ಲೇ-ಆಫ್ ಮಾಡುವ ಅಧಿಕಾರವನ್ನು ಕಾಯ್ದೆ ತಾನಾಗಿ ಕೊಡುವುದಿಲ್ಲ, ಅದು ನೇಮಕಾತಿ ಕರಾರಿನಲ್ಲೋ ಸ್ಥಾಯಿ ಆದೇಶದಲ್ಲೋ (ಸಂಸ್ಥೆಯ ಲಿಖಿತ ಸೇವಾ ನಿಯಮ) ಇರಬೇಕು. ಎರಡರಲ್ಲೂ ಇಲ್ಲದೆ ಕೆಲಸ ಕೊಡದೆ ಕಳಿಸಿದರೆ ಪೂರ್ತಿ ವೇತನದ ಹೊಣೆ ಮಾಲೀಕರದ್ದು. ಹಳೇ ಕಾಯ್ದೆಯ ಮೇಲೆ ಬಂದ ತೀರ್ಪು ಇದು, ಆದರೆ ವ್ಯಾಖ್ಯೆಯ ಮಾತುಗಳು ಹೊಸ ಸಂಹಿತೆಯಲ್ಲೂ ಬಹುಪಾಲು ಹಾಗೇ ಇವೆ.

ಅಂಕಿಯಲ್ಲಿ ನೋಡೋಣ. ಲೆಕ್ಕ ಸುಲಭವಾಗಲಿ ಎಂದು ದಿನಗೂಲಿ 600 ರೂಪಾಯಿ, ಪೂರ್ತಿ ಮೂಲ ವೇತನ ಮತ್ತು ತುಟ್ಟಿಭತ್ಯೆಯೇ ಎಂದಿಟ್ಟುಕೊಳ್ಳಿ. ಜುಲೈಯಲ್ಲಿ 26 ಕೆಲಸದ ದಿನ. 15 ದಿನ ಪೂರ್ತಿ ಕೆಲಸ, 3 ದಿನ ಹನ್ನೊಂದಕ್ಕೆ ವಾಪಸ್, 8 ದಿನ ಕೆಲಸವೇ ಇಲ್ಲ. ರೂಢಿಯಂತೆ ಕೈಗೆ ಬರುವುದು 15 ಪೂರ್ತಿ ಕೂಲಿ, 3 ಅರ್ಧ ಕೂಲಿ, ಒಟ್ಟು 9,900 ರೂಪಾಯಿ. ಕಾನೂನಿನಂತೆ ಅರ್ಧಕ್ಕೆ ಕಳಿಸಿದ 3 ದಿನಕ್ಕೂ ಪೂರ್ತಿ ಕೂಲಿ, ಅಲ್ಲಿಗೆ 18 ದಿನಕ್ಕೆ 10,800. ಐವತ್ತು ಅಥವಾ ಹೆಚ್ಚು ಜನರಿರುವ ತೋಟದಲ್ಲಿ 8 ಲೇ-ಆಫ್ ದಿನಕ್ಕೆ 300ರಂತೆ 2,400 ಸೇರಿ 13,200. ಕರಾರಿನಲ್ಲಿ ಲೇ-ಆಫ್ ಮಾತೇ ಇಲ್ಲದ ಚಿಕ್ಕ ತೋಟದಲ್ಲಿ ಕಾಯಂ ಆಳು ಕೇಳಬಹುದಾದದ್ದು ಪೂರ್ತಿ 15,600. ಕಾಗದದ ಮೇಲೆ ಚಿಕ್ಕ ತೋಟದ ಹೊಣೆಯೇ ಹೆಚ್ಚು. ವ್ಯವಹಾರದಲ್ಲಿ ಚಿಕ್ಕ ಸಾಹುಕಾರರು ಮೊದಲು ಹೇಳುವುದು ‘ಇವರು ಕಾಯಂ ಅಲ್ಲ, ಬಂದಾಗ ಬರುವವರು’ ಎಂದು. ವರ್ಷಗಟ್ಟಲೆ ತೋಟದ ಆಳುಗಳ ವಸತಿಯಾದ ಲೈನ್‌ಮನೆಯಲ್ಲೇ ಇದ್ದು ದುಡಿಯುವವರ ವಿಷಯದಲ್ಲಿ ಆ ವಾದ ಸುಲಭವಾಗಿ ನಿಲ್ಲದು. ಆದರೆ ಮುರಿಯಲು ದಾಖಲೆ ಬೇಕು.

ಕಾಯಂ ಆಗಿಯೇ ಅವಧಿ ಇಳಿಸುವುದು

‘ಮುಂದಿನ ತಿಂಗಳಿಂದ ವಾರಕ್ಕೆ ನಾಲ್ಕೇ ದಿನ’ ಎಂಬುದು ಲೇ-ಆಫ್ ಅಲ್ಲ, ಸೇವಾ ಷರತ್ತಿನ ಬದಲಾವಣೆ. 40ನೇ ಕಲಂ ಮತ್ತು ಸಂಹಿತೆಯ ಮೂರನೇ ಅನುಸೂಚಿ ಇಲ್ಲಿಗೆ ಬರುತ್ತವೆ. ಆ ಅನುಸೂಚಿಯಲ್ಲಿ ವೇತನ, ಭತ್ಯೆ, ಕೆಲಸದ ಅವಧಿ ಮತ್ತು ವಿರಾಮ, ಪಾಳಿಯ ಬದಲಾವಣೆ, ರೂಢಿಯಿಂದ ಬಂದ ಸವಲತ್ತು ಕಸಿಯುವುದು ಎಲ್ಲವೂ ಇವೆ. ಇವುಗಳಲ್ಲಿ ಯಾವುದನ್ನು ಬದಲಿಸುವುದಿದ್ದರೂ ಮೊದಲು ನೋಟಿಸ್ ಕೊಟ್ಟು 21 ದಿನ ಕಾಯಬೇಕು. ರೆಸಾರ್ಟಿಗೂ ಇದು ಅನ್ವಯ. ವಾಟ್ಸ್ಯಾಪ್ ಗ್ರೂಪಿನಲ್ಲಿ ಮ್ಯಾನೇಜರ್ ಹಾಕುವ ಡ್ಯೂಟಿ ಚಾರ್ಟ್ ನೋಟಿಸ್ ಆಗುವುದಿಲ್ಲ. ತುರ್ತಿನಲ್ಲಿ ಪಾಳಿ ಬದಲಿಸಲು ವಿನಾಯಿತಿ ಇದೆ, ಅದೂ ಕುಂದುಕೊರತೆ ಸಮಿತಿಯ ಜೊತೆ ಮಾತಾಡಿ. ಲೈನ್‌ಮನೆ, ಸೌದೆ, ಕರೆಂಟ್ ಇಂಥವನ್ನು ‘ಕೆಲಸ ಕಡಿಮೆ, ಹಾಗಾಗಿ ಇವೂ ಕಡಿಮೆ’ ಎಂದು ನಿಲ್ಲಿಸುವುದಕ್ಕೂ ಇದೇ ಕಲಂ ಅಡ್ಡ ಬರುತ್ತದೆ.

ನೋಟಿಸ್ ಕೊಟ್ಟ ಮಾತ್ರಕ್ಕೆ ಕಡಿತ ನ್ಯಾಯವಾಯಿತು ಎಂದೇನಲ್ಲ. ಆ 21 ದಿನ ಇರುವುದು ಆಕ್ಷೇಪಣೆ ಎತ್ತಲಿಕ್ಕೆ. ಆ ಅವಧಿಯಲ್ಲಿ ವಿವಾದ ಸಂಧಾನಾಧಿಕಾರಿಯ ಮುಂದೆ ಹೋದರೆ, ಪ್ರಕ್ರಿಯೆ ನಡೆಯುತ್ತಿರುವಾಗ ಆ ವಿವಾದಕ್ಕೆ ಸಂಬಂಧಿಸಿದ ಷರತ್ತುಗಳನ್ನು ಕೆಲಸಗಾರರಿಗೆ ತೊಂದರೆಯಾಗುವಂತೆ ಬದಲಿಸಬಾರದು ಎಂದು 90ನೇ ಕಲಂ ತಡೆಯುತ್ತದೆ. ಅದಕ್ಕೇ ಬೇಗ ಹೋಗುವುದು ಮುಖ್ಯ. ಹೊಸ ಪದ್ಧತಿಯಲ್ಲಿ ಮೂರು ತಿಂಗಳು ಮಾತಾಡದೆ ದುಡಿದ ಮೇಲೆ ಹೋದರೆ ‘ಒಪ್ಪಿಕೊಂಡಿದ್ದರು’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದೂ ಉಂಟು. ವೇತನ ಸಂಹಿತೆಯಡಿ ಬರಬೇಕಾದ ಹಣ ಬಿಟ್ಟುಕೊಡುತ್ತೇನೆ ಎಂದು ಬರೆದುಕೊಟ್ಟ ಕರಾರು 60ನೇ ಕಲಂ ಪ್ರಕಾರ ಅಸಿಂಧು. ಆದರೆ ‘ಇನ್ನು ನಾನು ನಾಲ್ಕೇ ದಿನ ಬರುತ್ತೇನೆ’ ಎಂದು ಒಪ್ಪಿ ಬರೆದ ಹೊಸ ಕರಾರನ್ನು ಅಷ್ಟು ಸುಲಭಕ್ಕೆ ಅಳಿಸಲಾಗದು. ಓದಲು ಬಾರದವರಿಗೆ ಓದಿ ಹೇಳುವವರು ಆಫೀಸಿನ ಹೊರಗಿನವರಾಗಿದ್ದರೆ ಒಳ್ಳೆಯದು.

240ರ ಲೆಕ್ಕ

ವಾರಕ್ಕೆ ಎರಡು ದಿನ ಕಡಿಮೆಯಾದರೆ ಎರಡು ದಿನದ ಕೂಲಿ ಹೋಯಿತು, ಅಷ್ಟೇ ಎಂದುಕೊಳ್ಳುತ್ತೇವೆ. ದೊಡ್ಡ ಪೆಟ್ಟು ಬೀಳುವುದು ಆಮೇಲೆ. ವಾರಕ್ಕೆ ನಾಲ್ಕು ದಿನ, 52 ವಾರ, ಒಟ್ಟು 208 ದಿನ. ನಿರಂತರ ಸೇವೆಗೆ ಬೇಕಾದದ್ದು 240. ಗ್ರಾಚ್ಯುಟಿಗೂ ಇದೇ ಅಳತೆ. ಸಂಸ್ಥೆಯೇ ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವುದಾದರೆ ಮಾತ್ರ ಅಲ್ಲಿ 190. ಏಳೂ ದಿನ ತೆರೆದಿರುವ ರೆಸಾರ್ಟಿನಲ್ಲಿ ನಿಮಗೊಬ್ಬರಿಗೆ ನಾಲ್ಕು ದಿನ ಕೊಟ್ಟರೆ 240ರ ಅಳತೆಯೇ ಉಳಿಯುತ್ತದೆ.

ಕಾನೂನುಬದ್ಧ ಲೇ-ಆಫ್ ದಿನಗಳು ಈ ಲೆಕ್ಕಕ್ಕೆ ಸೇರುತ್ತವೆ. ಹೆರಿಗೆ ಭತ್ಯೆಗೆ ಬೇಕಾದ 80 ದಿನಗಳಲ್ಲೂ ಲೇ-ಆಫ್ ದಿನ ಸೇರುತ್ತದೆ. ಸಂಬಳ ಸಹಿತ ರಜೆಗೆ ಬೇಕಾದ 180 ದಿನಗಳಿಗೂ ಹಾಗೇ, ಆದರೆ ಆ ದಿನಗಳಿಗೆ ರಜೆ ಗಳಿಕೆ ಇಲ್ಲ. ಗೈರು ಎಂದು ಬರೆದ ದಿನ ಮಾತ್ರ ಎಲ್ಲ ಕಡೆಯೂ ಕಳೆದಂತೆ. ಎರಡೂ ಸಂದರ್ಭದಲ್ಲಿ ಆ ದಿನ ಕೈಗೆ ಕೂಲಿ ಬಾರದೇ ಇರಬಹುದು, ಆದರೆ ಐದು ವರ್ಷದ ಮೇಲೆ ಗ್ರಾಚ್ಯುಟಿ ಕೇಳುವಾಗ ವ್ಯತ್ಯಾಸ ತಿಳಿಯುತ್ತದೆ.

ತಿಂಗಳ ಸಂಬಳದವರಿಗೆ ಇನ್ನೊಂದು ಏಟಿದೆ. ಗ್ರಾಚ್ಯುಟಿ ಲೆಕ್ಕ ಹಾಕುವುದು ಕೊನೆಗೆ ಪಡೆದ ವೇತನದ ಮೇಲೆ: ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. 15,600 ಸಂಬಳದಲ್ಲಿ ಹತ್ತು ವರ್ಷಕ್ಕೆ 90,000. ನಾಲ್ಕು ದಿನದ ಲೆಕ್ಕಕ್ಕೆ ಸಂಬಳ 10,400ಕ್ಕೆ ಇಳಿದ ಮೇಲೆ ರಾಜೀನಾಮೆ ಕೊಟ್ಟರೆ 60,000. ಬೇಸತ್ತು ‘ಇಷ್ಟಕ್ಕೆ ಯಾಕೆ ಬರ್ಬೇಕು’ ಎಂದು ಬಿಡುವವರು ಈ 30,000ವನ್ನೂ ಬಿಟ್ಟು ಹೋಗುತ್ತಾರೆ. ಪಿಎಫ್ ವಂತಿಗೆಯೂ ವೇತನದ ಜೊತೆಗೇ ಇಳಿಯುತ್ತದೆ.

ಏನು ಮಾಡಬೇಕು, ಯಾವ ಕ್ರಮದಲ್ಲಿ

ಕೆಲಸ ಇಲ್ಲ ಎಂದು ಹಿಂದಿನ ದಿನವೇ ಗೊತ್ತಿದ್ದರೂ, ‘ನಾಳೆ ಬರಬೇಡಿ’ ಎಂದು ಬರವಣಿಗೆಯಲ್ಲಿ ಕೊಡದಿದ್ದರೆ, ನಿಗದಿತ ಹೊತ್ತಿಗೆ ಹಾಜರಾಗಿ. ದಿನಕ್ಕೊಮ್ಮೆ ಹಾಜರಾಗದವರಿಗೆ ಲೇ-ಆಫ್ ಪರಿಹಾರವಿಲ್ಲ ಎಂದು 69ನೇ ಕಲಂ ಹೇಳುತ್ತದೆ. ಅದೇ ಮಾಲೀಕರ ಎಂಟು ಕಿಲೋಮೀಟರ್ ಒಳಗಿನ ಇನ್ನೊಂದು ತೋಟದಲ್ಲಿ, ಅದೇ ಕೂಲಿಗೆ, ವಿಶೇಷ ಕೌಶಲ ಬೇಡದ ಕೆಲಸ ಕೊಟ್ಟು ನೀವು ಒಲ್ಲೆ ಎಂದರೂ ಪರಿಹಾರ ಹೋಗುತ್ತದೆ.

ಒಂದು ನೂರು ಪುಟದ ನೋಟ್‌ಬುಕ್ ಸಾಕು. ತಾರೀಖು, ಬಂದ ಹೊತ್ತು, ಕಳಿಸಿದ ಹೊತ್ತು, ಯಾರು ಏನಂದರು, ಜೊತೆಗೆ ಯಾರಿದ್ದರು. ಅಂದಂದಿನದು ಅಂದೇ ಬರೆಯಬೇಕು. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ, ಒಂದೇ ಬೈಠಕ್ಕಿನಲ್ಲಿ ಬರೆದದ್ದು ನೋಡಿದೊಡನೆ ಗೊತ್ತಾಗುತ್ತದೆ. ಚೆಕ್‌ರೋಲ್‌ಗೆ ಹೆಬ್ಬೆಟ್ಟು ಅಥವಾ ಸಹಿ ಹಾಕುವಾಗ ಪುಟದ ಫೋಟೋ ಸಿಕ್ಕರೆ ಬಲ. ವೇತನ ಚೀಟಿ ಕೊಡುವುದು ಮಾಲೀಕರ ಕರ್ತವ್ಯ, ನೇಮಕಾತಿ ಪತ್ರವೂ ಈಗ ಕಡ್ಡಾಯ. ಎರಡನ್ನೂ ಕೇಳಿ.

ಆಮೇಲೆ ಒಂದು ಚಿಕ್ಕ ಪತ್ರ. ಉದ್ದ ಬೇಡ, ಸಿಟ್ಟು ಬೇಡ:

‘ಇದೇ ತಿಂಗಳ 14, 15 ಮತ್ತು 16ರಂದು ಬೆಳಿಗ್ಗೆ 8ಕ್ಕೆ ನಾನು ಕೆಲಸಕ್ಕೆ ಹಾಜರಾಗಿದ್ದೇನೆ. ಕೆಲಸ ಇಲ್ಲವೆಂದು ಮೇಸ್ತ್ರಿಯವರು ವಾಪಸ್ ಕಳಿಸಿದ್ದಾರೆ. ಈ ದಿನಗಳನ್ನು ಗೈರು ಎಂದು ಬರೆಯದೆ, ಕೆಲಸ ಕೊಡದ ದಿನಗಳೆಂದು ನಮೂದಿಸಿ, ಸಲ್ಲಬೇಕಾದ ಹಣ ಕೊಡಬೇಕಾಗಿ ಕೋರುತ್ತೇನೆ. ಕೆಲಸಕ್ಕೆ ಬರಲು ನಾನು ಸಿದ್ಧ.’

ಆಫೀಸಿನಲ್ಲಿ ಕೊಟ್ಟು ನಕಲಿನ ಮೇಲೆ ಸಹಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಕೊನೆಯ ಸಾಲು ಮುಖ್ಯ. ‘ಮನಸ್ಸಿರಲಿಲ್ಲ’ ಎಂಬ ವಾದಕ್ಕೆ ಉತ್ತರ ಅದರಲ್ಲೇ ಇದೆ.

20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಒಬ್ಬರೇ ಹೋಗಿ ದೂರು ಕೊಡಬಹುದು, ವರ್ಷದೊಳಗೆ ಕೊಡಬೇಕು, ಸಮಿತಿ 30 ದಿನದಲ್ಲಿ ಮುಗಿಸಬೇಕು. ಅಲ್ಲಿ ಬಗೆಹರಿಯದಿದ್ದರೆ 60 ದಿನದೊಳಗೆ ಯೂನಿಯನ್ ಮೂಲಕ ಸಂಧಾನಾಧಿಕಾರಿಯ ಬಳಿಗೆ.

ಇಲ್ಲಿಂದ ಮುಂದೆ ದಾರಿ ಎರಡಾಗುತ್ತದೆ, ಜನ ತಪ್ಪು ದಾರಿ ಹಿಡಿಯುವುದೂ ಇಲ್ಲೇ. ಬರಬೇಕಾದ ಕೂಲಿ ಬಂದಿಲ್ಲ ಎಂಬುದು ಹಣದ ಕ್ಲೇಮು. ವೇತನ ಸಂಹಿತೆಯ 45ನೇ ಕಲಂ ಅಡಿ ಒಬ್ಬರೇ ಅರ್ಜಿ ಹಾಕಬಹುದು. ಮೂರು ವರ್ಷ ಕಾಲಾವಕಾಶ, ಬಾಕಿಯ ಜೊತೆಗೆ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ. ಕೂಲಿ ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕರದ್ದು. ‘ಅವಧಿ ಇಳಿಸಿದ್ದೇ ತಪ್ಪು, ಹಿಂದಿನಂತೆ ಆರು ದಿನ ಬೇಕು’ ಎಂಬುದು ಕೈಗಾರಿಕಾ ವಿವಾದ. ಅದನ್ನು ಒಬ್ಬರೇ ಎತ್ತಲಾಗದು. ಸಹೋದ್ಯೋಗಿಗಳ ಗುಂಪು ಅಥವಾ ಯೂನಿಯನ್ ಬೇಕು, ಎರಡು ವರ್ಷದೊಳಗೆ ಎತ್ತಬೇಕು. ಸಂಧಾನ 45 ದಿನದಲ್ಲಿ ಮುಗಿಯಬೇಕು. ವರದಿ ಬಂದ 90 ದಿನದೊಳಗೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು, ಸರ್ಕಾರ ಕಳಿಸಲಿ ಎಂದು ಮೊದಲಿನಂತೆ ಕಾಯಬೇಕಿಲ್ಲ. ಎರಡಕ್ಕೂ ಮೊದಲ ಬಾಗಿಲು ಮಡಿಕೇರಿಯ ಕಾರ್ಮಿಕ ಇಲಾಖೆ.

ವಕೀಲರ ಫೀಸಿಗೆ ಹೆದರಿ ಸುಮ್ಮನಿರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ತೋಟಗಳಲ್ಲಿ ದುಡಿಯುವ ಯರವ, ಕುರುಬ ಕುಟುಂಬಗಳು ಪರಿಶಿಷ್ಟ ಪಂಗಡದಲ್ಲೇ ಬರುತ್ತವೆ. ಸಹಾಯವಾಣಿ 15100.

ಮಾತು ತಿರುಗಿಸುವ ಎರಡು ಬಗೆ

ದಿನಗೂಲಿ ನಿಲ್ಲಿಸಿ ‘ಇನ್ನು ಕೆಜಿ ಲೆಕ್ಕ’ ಎನ್ನುವುದು ಒಂದು. ಕೊಯ್ಲಿನ ಭರಾಟೆಯಲ್ಲಿ ಕೆಜಿ ಲೆಕ್ಕ ಕೆಲಸಗಾರರಿಗೂ ಲಾಭವೇ, ಗಿಡದಲ್ಲಿ ಹಣ್ಣು ತುಂಬಿರುತ್ತದೆ. ಕೊನೆಯ ಸುತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಹುಡುಕಿ ಕೊಯ್ಯುವಾಗ ಎಂಟು ಗಂಟೆ ದುಡಿದರೂ ದಿನಗೂಲಿ ಹುಟ್ಟುವುದಿಲ್ಲ. ಕೆಲಸದ ದಿನ ಇಳಿಸದೆಯೇ ಕೂಲಿ ಇಳಿಸುವ ಉಪಾಯ ಇದು. ಆ ಕೆಲಸಕ್ಕೆ ದಿನದ ಕನಿಷ್ಠ ದರ ಮಾತ್ರ ನಿಗದಿಯಾಗಿದ್ದು ಕೆಜಿ ದರ ನಿಗದಿಯಾಗಿರದಿದ್ದರೆ, ಕೈಗೆ ಬರುವ ಮೊತ್ತ ದಿನದ ಕನಿಷ್ಠ ವೇತನಕ್ಕಿಂತ ಕಡಿಮೆ ಆಗಬಾರದು ಎಂದು ವೇತನ ಸಂಹಿತೆಯ 12ನೇ ಕಲಂ ಹೇಳುತ್ತದೆ. ತೂಕದ ಚೀಟಿ ದಿನಾ ಇಟ್ಟುಕೊಳ್ಳಿ.

ಮುಂಗಡ ಇನ್ನೊಂದು, ಇದು ಗಂಭೀರ. ವಾರಕ್ಕೆ ಮೂರೇ ದಿನ ಕೆಲಸ ಕೊಟ್ಟು, ಉಳಿದ ದಿನ ಪಕ್ಕದ ತೋಟಕ್ಕೆ ಹೊರಟರೆ ‘ಅಡ್ವಾನ್ಸ್ ತೀರಿಸಿ ಹೋಗಿ’ ಎಂದು ತಡೆದರೆ ಅದು ಕೂಲಿ ಕಡಿತದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಸಾಲದ ನೆಪದಲ್ಲಿ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ ಕಸಿಯುವುದು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯಡಿ ಅಪರಾಧ. ಅದರ ದೂರು ಕಾರ್ಮಿಕ ಇಲಾಖೆಗಲ್ಲ, ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗೆ ಹೋಗಬೇಕು.

ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಯಾರು ‘ಕೆಲಸಗಾರ’ ಅಲ್ಲ? ಮ್ಯಾನೇಜರ್ ಮತ್ತು ತಿಂಗಳಿಗೆ 18,000 ದಾಟಿದ ವೇತನದ ಮೇಲ್ವಿಚಾರಕರು. ಅವರಿಗೆ 21 ದಿನದ ನೋಟಿಸ್, ಲೇ-ಆಫ್ ಪರಿಹಾರ ಇಲ್ಲ, ನೇಮಕಾತಿ ಪತ್ರದ ಷರತ್ತೇ ಆಧಾರ. ಆದರೆ ವೇತನ ಸಂಹಿತೆಯ ‘ನೌಕರ’ ಎಂಬ ವ್ಯಾಖ್ಯೆ ಹೆಚ್ಚು ಅಗಲ, ಸಂಬಳ ಬಾಕಿಯ ಕ್ಲೇಮಿಗೆ ಅವರೂ ಹೋಗಬಹುದು. ರೈಟರ್ ಗುಮಾಸ್ತಿಕೆಯ ಕೆಲಸದವರು, ಹಾಗಾಗಿ ಕೆಲಸಗಾರರೇ. ಮೇಸ್ತ್ರಿಯೂ 18,000ದ ಒಳಗಿದ್ದರೆ ಕೆಲಸಗಾರರೇ. ಬೇರೆಯವರ ಹಾಜರಿ ತಿದ್ದಲು ಹೇಳಿಸಿಕೊಳ್ಳುವವರ ಸ್ವಂತ ಹಾಜರಿಗೂ ಇದೇ ಕಾನೂನು.